ಟೈರಿನ ಮೈಮೇಲಿನ ಅಂಕಿ: ಇಂಚಿನ ಪಕ್ಕದಲ್ಲಿ ಮಿಲಿಮೀಟರ್ ಬಂದು ಕೂತದ್ದು ಹೇಗೆ?

ಕಾರಿನ ಟೈರಿನ ಪಕ್ಕದಲ್ಲಿ ಕಂಪನಿಯ ಹೆಸರಿನ ಜೊತೆಗೆ ಉಬ್ಬಕ್ಷರದಲ್ಲಿ ಇನ್ನೊಂದು ಸಾಲು ಇರುತ್ತದೆ. ಮಾರುತಿ ಸ್ವಿಫ್ಟ್‌ನ ಕೆಲವು ಮಾದರಿಗಳಲ್ಲಿ ಅದು 165/80 ಆರ್ 14 85 ಟಿ. ನಮ್ಮ ಕಡೆ ಪಂಕ್ಚರ್ ಅಂಗಡಿಗೆ ಹೋಗಿ ಕೇಳಿದರೆ "ಇದು ಹದಿನಾಲ್ಕರ ಟೈರು" ಎನ್ನುತ್ತಾರೆ. ಅಂದರೆ ಸಾಲಿನ ನಡುವಿನ ಒಂದು ಅಂಕಿ ಮಾತ್ರ ಬಳಕೆಯಲ್ಲಿದೆ, ಉಳಿದದ್ದನ್ನು ಓದುವವರು ಕಡಿಮೆ. ಆದರೆ ಟೈರು ಎಷ್ಟು ಭಾರ ಹೊರುತ್ತದೆ, ಎಷ್ಟು ವೇಗ ತಾಳುತ್ತದೆ ಎಂಬುದೆಲ್ಲ ಉಳಿದದ್ದರಲ್ಲೇ ಇದೆ.

ಮೊದಲು ಸಾಲನ್ನು ಬಿಡಿಸಿ ಓದೋಣ. 165 ಎಂದರೆ ಗಾಳಿ ತುಂಬಿದ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 80 ಎಂದರೆ ಟೈರಿನ ಗೋಡೆಯ ಎತ್ತರ. ಇದು ನೇರ ಅಳತೆಯಲ್ಲ, ಅಗಲದ ಶೇಕಡಾ 80. 165ರಲ್ಲಿ ಶೇಕಡಾ 80 ಅಂದರೆ 132 ಮಿಲಿಮೀಟರ್. ಆರ್ ಎಂದರೆ ರೇಡಿಯಲ್. 14 ಎಂದರೆ ಟೈರು ಕೂರುವ ರಿಮ್ಮಿನ ವ್ಯಾಸ, ಇಂಚಿನಲ್ಲಿ. 85 ಒಂದು ಪಟ್ಟಿಯ ಕ್ರಮಸಂಖ್ಯೆ. ಆ ಪಟ್ಟಿಯಲ್ಲಿ 85ರ ಎದುರಿಗೆ 515 ಕಿಲೋ ಎಂದಿದೆ. ಟಿ ಎಂದರೆ ಗಂಟೆಗೆ 190 ಕಿಲೋಮೀಟರ್ ವೇಗದವರೆಗೆ ತಡೆಯುತ್ತದೆ ಎಂದು.

ಈಗ ವಿಚಿತ್ರ ನೋಡಿ. ಒಂದೇ ಸಾಲಿನಲ್ಲಿ ಮಿಲಿಮೀಟರ್ ಇದೆ, ಶೇಕಡಾ ಇದೆ, ಇಂಚು ಇದೆ, ಪಟ್ಟಿಯ ನಂಬರ್ ಇದೆ, ಕೊನೆಗೊಂದು ಅಕ್ಷರ. ಬಟ್ಟೆಯ ಅಂಗಡಿಯವನು ಅಗಲವನ್ನು ಮೀಟರಿನಲ್ಲಿ, ಉದ್ದವನ್ನು ಗಜದಲ್ಲಿ ಅಳೆದು ಒಂದೇ ಚೀಟಿ ಬರೆದುಕೊಟ್ಟ ಹಾಗೆ. ಇದನ್ನು ಯಾರೋ ಒಬ್ಬರು ಕೂತು ಬರೆದದ್ದಲ್ಲ. ಬೇರೆಬೇರೆ ದೇಶದವರು ಬೇರೆಬೇರೆ ಕಾಲದಲ್ಲಿ ತಮಗೆ ಬೇಕಾದದ್ದನ್ನು ಸೇರಿಸುತ್ತ ಹೋದರು, ಹಿಂದಿನದನ್ನು ಯಾರೂ ಪೂರ್ತಿ ಅಳಿಸಲಿಲ್ಲ.

ಹಳ್ಳಿಯವರಿಗೆ ಒಂದು ಅನುಕೂಲ ಇದೆ. ಈ ಇತಿಹಾಸದ ಎಲ್ಲ ಪದರಗಳೂ ನಮ್ಮ ಅಂಗಳದಲ್ಲೇ ನಿಂತಿವೆ. ಹಳೆಯ ಕರಿ ಸೈಕಲ್ಲಿನ ಟೈರಿನ ಮೇಲೆ 28 x 1½ ಎಂದಿರುತ್ತದೆ. ಟ್ರ್ಯಾಕ್ಟರಿನ ಮುಂದಿನ ಗಾಲಿಯ ಮೇಲೆ 6.00-16. ಟಾಟಾ ಏಸ್‌ನ ಟೈರಿನ ಮೇಲೆ 145 ಆರ್ 12. ಕಾರಿನ ಮೇಲೆ 165/80 ಆರ್ 14. ಇವು ನಾಲ್ಕು ಬೇರೆಬೇರೆ ಕಾಲದ ಬರವಣಿಗೆಗಳು.

ಎಲ್ಲಕ್ಕಿಂತ ಹಳೆಯದು ಸೈಕಲ್ಲಿನದು. ಗಾಳಿ ತುಂಬುವ ಟೈರಿಗೆ ಮೊದಲ ಪೇಟೆಂಟ್ ಪಡೆದದ್ದು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್, 1845ರಲ್ಲಿ. ಆಗ ಸೈಕಲ್ಲೂ ಇರಲಿಲ್ಲ, ಕಾರೂ ಇರಲಿಲ್ಲ. ಕುದುರೆ ಗಾಡಿಗೆ ಹಾಕಿ ತೋರಿಸಿದರು, ಜನ ನೋಡಿ ಮರೆತರು. 1888ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿದ್ದ ಜಾನ್ ಬಾಯ್ಡ್ ಡನ್‌ಲಪ್ ಮತ್ತೆ ಅದನ್ನೇ ಕಂಡುಹಿಡಿದರು. ಡನ್‌ಲಪ್ ದನದ ಡಾಕ್ಟರು. ಮಗನ ಮೂರು ಗಾಲಿಯ ಸೈಕಲ್ಲು ಕಲ್ಲಿನ ರಸ್ತೆಯಲ್ಲಿ ಕುಲುಕುವುದನ್ನು ತಪ್ಪಿಸಲು ಮಾಡಿದ ಪ್ರಯೋಗ ಅದು. ಥಾಮ್ಸನ್ ಅವರ ಹಳೆಯ ಪೇಟೆಂಟ್ ಇದ್ದದ್ದು ಆಮೇಲೆ ಗೊತ್ತಾಗಿ ಡನ್‌ಲಪ್ ಪೇಟೆಂಟ್ ರದ್ದಾಯಿತು. ಆದರೂ ಹೆಸರು ಉಳಿದದ್ದು ಡನ್‌ಲಪ್ ಅವರದ್ದೇ. ಸೈಕಲ್ಲು ಆಗ ಎಲ್ಲೆಡೆ ಓಡುತ್ತಿತ್ತು, ಸರಕಿಗೆ ಗಿರಾಕಿ ಇತ್ತು ಎಂಬುದೇ ಕಾರಣ.

ಆ ಕಾಲದಲ್ಲಿ ಟೈರಿನ ಅಳತೆ ಎಂದರೆ ಹೊರಗಿನಿಂದ ಕಾಣುವ ಅಳತೆ. 28 x 1½ ಎಂದರೆ ನೆಲದಿಂದ ತುದಿಯವರೆಗೆ ಗಾಲಿ 28 ಇಂಚು, ಟೈರಿನ ದಪ್ಪ ಒಂದೂವರೆ ಇಂಚು. ರಿಮ್ ಎಷ್ಟು ಎಂದು ಬರೆದೇ ಇಲ್ಲ. ಅದನ್ನು ನಾವೇ ಲೆಕ್ಕ ಹಾಕಬೇಕು: 28ರಿಂದ ಎರಡೂ ಕಡೆಯ ಒಂದೂವರೆ, ಅಂದರೆ 3 ಇಂಚು ಕಳೆದರೆ 25 ಇಂಚು, 635 ಮಿಲಿಮೀಟರ್. ಈಗಲೂ ಈ ಸೈಕಲ್ ಟೈರಿಗೆ ಇನ್ನೊಂದು ಅಂತರರಾಷ್ಟ್ರೀಯ ಹೆಸರು 40-635. ಲೆಕ್ಕ ಸರಿಯಾಗಿಯೇ ಕೂತಿದೆ.

ಕಾರಿನವರು ಇದೇ ಪದ್ಧತಿ ಎತ್ತಿಕೊಂಡರು. 1895ರಲ್ಲಿ ಫ್ರಾನ್ಸಿನ ಮಿಷೆಲಿನ್ ಸಹೋದರರು, ಆಂದ್ರೆ ಮತ್ತು ಎದುವಾರ್, ಪ್ಯಾರಿಸ್–ಬೋರ್ಡೋ–ಪ್ಯಾರಿಸ್ ಓಟದಲ್ಲಿ ಗಾಳಿ ಟೈರಿನ ಕಾರು ಓಡಿಸಿದರು. ಸುಮಾರು 1,200 ಕಿಲೋಮೀಟರ್ ದಾರಿ, ಲೆಕ್ಕವಿಲ್ಲದಷ್ಟು ಪಂಕ್ಚರು. ಆದರೂ ಗಾಳಿ ಟೈರಿನ ಮೇಲೆ ಕಾರು ಓಡಬಹುದು ಎಂದು ಅಲ್ಲಿ ಸಾಬೀತಾಯಿತು. ಫ್ರಾನ್ಸಿನವರು 760 x 90, 815 x 105 ಎಂದು ಮಿಲಿಮೀಟರ್‌ನಲ್ಲಿ ಬರೆದರು. ಅಮೆರಿಕದವರು ಇಂಚಿನಲ್ಲಿ ಬರೆದರು. ಎರಡರ ಅರ್ಥವೂ ಒಂದೇ: ಹೊರಗಿನ ಒಟ್ಟು ಎತ್ತರ, ಆಮೇಲೆ ದಪ್ಪ.

ಈ ಪದ್ಧತಿಯ ತೊಂದರೆ ಏನೆಂದು 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ನೋಡಿದರೆ ಗೊತ್ತಾಗುತ್ತದೆ. ಮುಂದೆ 30 x 3, ಹಿಂದೆ 30 x 3½. ಎರಡೂ 30 ಇಂಚಿನ ಗಾಲಿ. ಆದರೆ ಕಳೆದು ನೋಡಿ: ಮುಂದಿನ ರಿಮ್ 24 ಇಂಚು, ಹಿಂದಿನದು 23. ಮುಂದಿನ ಟೈರು ಹಿಂದಕ್ಕೆ ಕೂರುವುದಿಲ್ಲ. ಇನ್ನೊಂದು ಗೊಂದಲ: ಹಿಂದಿನ ರಿಮ್ಮಿಗೆ ಸ್ವಲ್ಪ ದಪ್ಪನೆಯ ಟೈರು ಬೇಕೆಂದರೆ 31 x 4 ಹಾಕಬೇಕಿತ್ತು, ಯಾಕೆಂದರೆ 31ರಿಂದ 8 ಕಳೆದರೂ 23. ಟೈರಿನ ಹೆಸರಿನಲ್ಲಿ 30 ಹೋಗಿ 31 ಆಯಿತು, ರಿಮ್ ಮಾತ್ರ ಅದೇ. ಅಂಕಿ ಒಂದೇ ಇದ್ದ ಟೈರು ಕೂರದು, ಬೇರೆ ಇದ್ದದ್ದು ಕೂರುತ್ತದೆ! ಲೆಕ್ಕ ಬಾರದವನ ಪಾಡೇನು?

ಪಂಕ್ಚರ್ ಮಾತು ಬಂದದ್ದರಿಂದ ಒಂದು ಚಿಕ್ಕ ವಿಷಯ. ನಾವೆಲ್ಲ ಬಾಯಿತುಂಬ ಹೇಳುವ "ಸ್ಟೆಪ್ನಿ" ಈ ಕಾಲದ್ದೇ. ಬ್ರಿಟನ್ನಿನ ವೇಲ್ಸ್‌ನಲ್ಲಿ ಲನೆಲ್ಲಿ ಎಂಬ ಊರು, ಅಲ್ಲಿ ಸ್ಟೆಪ್ನಿ ಸ್ಟ್ರೀಟ್ ಎಂಬ ಬೀದಿ. 1904ರಲ್ಲಿ ಆ ಬೀದಿಯ ಡೇವಿಸ್ ಸಹೋದರರು ಗಾಳಿ ತುಂಬಿದ ಟೈರಿರುವ, ಕಡ್ಡಿಗಳಿಲ್ಲದ ಒಂದು ಬಳೆ ಮಾಡಿ ಮಾರಿದರು. ಪಂಕ್ಚರಾದ ಗಾಲಿಗೆ ಅದನ್ನು ಬಿಗಿದುಕೊಂಡು ಮನೆ ಸೇರಬಹುದಿತ್ತು. ಇಂಗ್ಲೆಂಡಿನಲ್ಲಿ ಆ ಹೆಸರು ಬಳಕೆ ತಪ್ಪಿತು. ನಮ್ಮಲ್ಲಿ ಉಳಿಯಿತು, ಬ್ರೆಜಿಲ್‌ನಲ್ಲೂ "ಎಸ್ಟೆಪಿ" ಎಂದು ಉಳಿದಿದೆ.

1920ರ ದಶಕದಲ್ಲಿ ಟೈರು ಬದಲಾಯಿತು. ಅದುವರೆಗಿನ ಟೈರು ಸಪೂರ, ಒಳಗೆ ಗಾಳಿಯ ಒತ್ತಡ ಹೆಚ್ಚು, ಕೂತವರ ಬೆನ್ನು ಮುರಿಯುತ್ತಿತ್ತು. 1923ರಲ್ಲಿ ಅಮೆರಿಕದ ಫೈರ್‌ಸ್ಟೋನ್ ಕಂಪನಿ ದಪ್ಪನೆಯ, ಕಡಿಮೆ ಒತ್ತಡದ ಟೈರು ತಂದಿತು. ಅದಕ್ಕೆ ಬಲೂನ್ ಟೈರು ಎಂದೇ ಹೆಸರು. ಅದರ ಜೊತೆ ಬರೆಯುವ ಕ್ರಮವೂ ತಿರುಗಿತು. 4.40-21 ಎಂದರೆ ದಪ್ಪ 4.40 ಇಂಚು, ರಿಮ್ 21 ಇಂಚು. ಹೊರ ಎತ್ತರ ಹೋಯಿತು, ರಿಮ್ ಬಂತು. ಟೈರು ಕೊಳ್ಳುವವನಿಗೆ ಮೊದಲು ಬೇಕಾದದ್ದು ತನ್ನ ರಿಮ್ಮಿಗೆ ಕೂರುತ್ತದೋ ಇಲ್ಲವೋ ಎಂಬುದು. ಕಳೆಯುವ ಲೆಕ್ಕ ತಪ್ಪಿತು.

ಭಾರತಕ್ಕೆ ಬಂದು ನೆಲೆ ನಿಂತದ್ದು ಈ ಬರವಣಿಗೆ. ಡನ್‌ಲಪ್ ಕಂಪನಿ ಬಂಗಾಳದ ಸಹಾಗಂಜ್‌ನಲ್ಲಿ 1936ರಲ್ಲಿ ಕಾರ್ಖಾನೆ ತೆರೆಯಿತು. ಆಮೇಲಿನ ಅರ್ಧ ಶತಮಾನ ನಮ್ಮ ರಸ್ತೆಗಳಲ್ಲಿ ಓಡಿದ್ದೆಲ್ಲ ಇಂಚಿನ ಟೈರುಗಳೇ. ಅಂಬಾಸಡರ್‌ಗೆ 5.90-15. ಫಿಯೆಟ್, ಅಂದರೆ ಆಮೇಲಿನ ಪ್ರೀಮಿಯರ್ ಪದ್ಮಿನಿಗೆ 5.20-14. ಜೀಪಿಗೆ 6.00-16. ಜೀಪಿನ ಆ ಅಳತೆಯೇ ಟ್ರ್ಯಾಕ್ಟರಿನ ಮುಂದಿನ ಗಾಲಿಗೂ ಬಂತು. ಆದರೆ ಅಳತೆ ಒಂದೇ ಎಂದು ಅದಕ್ಕಿದು, ಇದಕ್ಕದು ಹಾಕುವಂತಿಲ್ಲ. ಟ್ರ್ಯಾಕ್ಟರಿನ ಮುಂದಿನ ಟೈರಿಗೆ ಉದ್ದುದ್ದ ಗೆರೆ ಇರುವುದು ಉತ್ತ ಹೊಲದಲ್ಲಿ ತಿರುವು ಹಿಡಿಯಲು, ಹೈವೇಯ ವೇಗಕ್ಕಲ್ಲ. ಲಾರಿಗೆ 9.00-20, 10.00-20. ಮೈಸೂರಿನ ಮೇಟಗಳ್ಳಿಯಲ್ಲಿ ಕೆಆರ್‌ಎಸ್ ರಸ್ತೆಯ ವಿಕ್ರಾಂತ್ ಟೈರ್ಸ್ ಹೆಸರನ್ನು ನಮ್ಮ ರಾಜ್ಯದ ಹಳೆಯ ಲಾರಿ ಡ್ರೈವರುಗಳು ಇನ್ನೂ ನೆನೆಯುತ್ತಾರೆ. ರಾಜ್ಯ ಸರ್ಕಾರದ ಪಾಲು ಇದ್ದ ಆ ಕಂಪನಿಯನ್ನು 1997ರಲ್ಲಿ ಜೆಕೆ ಟೈರ್ ತೆಗೆದುಕೊಂಡಿತು.

ಟ್ರ್ಯಾಕ್ಟರಿನ ಹಿಂದಿನ ಟೈರಿನಲ್ಲಿ ಒಂದು ತಮಾಷೆ ಇದೆ. ಈಗ 13.6-28 ಎಂದು ಬರೆಯುವ ಟೈರಿಗೆ ಹಿಂದೆ 12-28 ಎನ್ನುತ್ತಿದ್ದರು. 12.4-28 ಎಂಬುದು ಹಿಂದೆ 11-28. ಟೈರು ಹಿಗ್ಗಲಿಲ್ಲ. ಮೊದಲಿನ ಅಂಕಿ ಕಿರಿದಾದ ರಿಮ್ಮಿನ ಕಾಲದ್ದು. ಅಗಲವಾದ ರಿಮ್ ಬಂದಾಗ ಅದೇ ಟೈರು ಹೆಚ್ಚು ಅರಳಿ ಕೂರುತ್ತಿತ್ತು, ಹಾಗಾಗಿ ನಿಜವಾದ ಅಗಲವನ್ನು ಬರೆದರು. ಹಳೆಯ ಟ್ರ್ಯಾಕ್ಟರಿನ ಕೈಪಿಡಿ ಹಿಡಿದುಕೊಂಡು ಅಂಗಡಿಗೆ ಹೋದವರು 12-28 ಕೇಳಿ ಸಿಗದೆ ವಾಪಸು ಬರುವುದು ಬೇಡ.

ಪ್ಲೈ ಎಂಬ ಲೆಕ್ಕವೂ ಇದೇ ಕಾಲದ್ದು. ಟೈರಿನ ಒಳಗೆ ರಬ್ಬರಿನ ನಡುವೆ ಹತ್ತಿ ನೂಲಿನ ಪದರಗಳನ್ನು ಹಾಕುತ್ತಿದ್ದರು. ಆರು ಪದರ ಇದ್ದರೆ ಆರು ಪ್ಲೈ. ಹತ್ತಿ ಹೋಗಿ ರೇಯಾನ್, ನೈಲಾನ್ ಬಂದಾಗ ನಾಲ್ಕೇ ಪದರದಲ್ಲಿ ಆರರ ಗಟ್ಟಿತನ ಬಂತು. ಗಿರಾಕಿಗೆ "ನಾಲ್ಕು" ಎಂದರೆ ಕೊಳ್ಳುವನೇ? ಹಾಗಾಗಿ ಪದರ ಎಷ್ಟೇ ಇರಲಿ, ಹಿಂದಿನ ಆರು ಪದರದ ಶಕ್ತಿಗೆ ಸಮ ಎಂಬ ಅರ್ಥದಲ್ಲಿ 6 ಪಿಆರ್ ಎಂದು ಬರೆಯತೊಡಗಿದರು. ಈಗ ಉಕ್ಕಿನ ತಂತಿಯ ಲಾರಿ ಟೈರಿನ ಪಕ್ಕದ ಗೋಡೆಯಲ್ಲಿ ಇರುವುದು ಒಂದೇ ಪದರ, ಮೇಲೆ ಬರೆದಿರುವುದು 16 ಪಿಆರ್. ಕುದುರೆ ಇಲ್ಲದ ಎಂಜಿನ್ನಿಗೆ ಕುದುರೆ ಶಕ್ತಿ ಎಂದು ಲೆಕ್ಕ ಹೇಳಿದ ಹಾಗೆ.

ಇನ್ನು ಆ "ಆರ್" ಅಕ್ಷರಕ್ಕೆ ಬರೋಣ. ನಮ್ಮ ಅಭಿಪ್ರಾಯದಲ್ಲಿ ಗಾಳಿ ತುಂಬಿದ ಮೇಲೆ ಟೈರಿನಲ್ಲಿ ಆದ ಅತಿ ದೊಡ್ಡ ಬದಲಾವಣೆ ಇದೇ.

ಹಳೆಯ ಟೈರಿನಲ್ಲಿ ನೂಲುಗಳು ಓರೆಯಾಗಿ ಒಂದರ ಮೇಲೊಂದು ಅಡ್ಡಡ್ಡ ಹಾಯುತ್ತಿದ್ದವು, ಮಂಚದ ನವಾರು ಹೆಣೆದ ಹಾಗೆ. ಗಾಲಿ ಉರುಳಿ ಟೈರು ಬಗ್ಗಿದಾಗಲೆಲ್ಲ ಪದರಕ್ಕೆ ಪದರ ಉಜ್ಜಿ ಬಿಸಿಯಾಗುತ್ತಿತ್ತು. ಈ ಬಿಸಿ ಎಲ್ಲಿಂದ ಬರುತ್ತದೆ ಎಂದು ನೋಡಲು ಮಿಷೆಲಿನ್ ಕಂಪನಿಯ ಮಾರಿಯಸ್ ಮಿನ್ಯೋಲ್ ಎಂಬಾತ ಟೈರಿನ ಪಕ್ಕದ ಗೋಡೆಯನ್ನೇ ತೆಗೆದು, ಅಲ್ಲಿ ಬಿಡಿಬಿಡಿಯಾಗಿ ನೇರ ತಂತಿಗಳನ್ನು ಕೂರಿಸಿದ. ನೋಡಲು ನೊಣ ಹಿಡಿಯುವ ಪಂಜರದಂತಿತ್ತು, ಹಾಗೆಂದೇ ಕರೆದರು. ಪರೀಕ್ಷೆಗೆಂದು ಮಾಡಿದ್ದು ಮುಂದಿನ ಟೈರೇ ಆಯಿತು. ತಂತಿಗಳು ರಿಮ್ಮಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ ಅಡ್ಡವಾಗಿ, ಅವುಗಳ ಮೇಲೆ ನೆಲಕ್ಕೆ ತಾಗುವ ಭಾಗದ ಕೆಳಗೆ ಸುತ್ತಲೂ ಉಕ್ಕಿನ ಪಟ್ಟಿ. ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಹಳಿ ತೊಡಿಸಿದಂತೆ ಎನ್ನಬಹುದು, ಆದರೆ ಒಳಗೆ. ಪಕ್ಕದ ಗೋಡೆ ಮೆತ್ತಗೆ ಬಗ್ಗುತ್ತದೆ, ನೆಲಕ್ಕೆ ತಾಗುವ ಭಾಗ ಅಲುಗುವುದಿಲ್ಲ. ಬಿಸಿ ಕಡಿಮೆ, ಸವಕಳಿ ಕಡಿಮೆ, ಪೆಟ್ರೋಲೂ ಉಳಿತಾಯ.

ಮಿಷೆಲಿನ್ ಇದಕ್ಕೆ 1946ರ ಜೂನ್ 4ರಂದು ಪೇಟೆಂಟ್‌ಗೆ ಅರ್ಜಿ ಹಾಕಿತು, 1949ರಲ್ಲಿ ಎಕ್ಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಸಿಟ್ರೊಯೆನ್ ಕಾರು ಕಂಪನಿ ಆಗ ಮಿಷೆಲಿನ್ ಕೈಯಲ್ಲೇ ಇದ್ದುದರಿಂದ ಗಿರಾಕಿ ಹುಡುಕುವ ಕಷ್ಟ ಇರಲಿಲ್ಲ. ಫ್ರೆಂಚರಾದ್ದರಿಂದ ಅಳತೆ 165-400 ಎಂದಿತ್ತು. ಅಗಲ 165 ಮಿಲಿಮೀಟರ್, ರಿಮ್ ಕೂಡ 400 ಮಿಲಿಮೀಟರ್. ಎರಡೂ ಒಂದೇ ಮಾನದಲ್ಲಿ, ಚೆಂದವಾಗಿ. ಇದು ಹಾಗೇ ಮುಂದುವರಿದಿದ್ದರೆ ನಾವು ಈ ಲೇಖನ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಆದರೆ ಉಳಿದ ಯುರೋಪಿನಲ್ಲಿ, ಬ್ರಿಟನ್ನಿನಲ್ಲಿ, ಅಮೆರಿಕದಲ್ಲಿ ಕಾರುಗಳ ರಿಮ್ಮುಗಳೆಲ್ಲ 13, 14, 15 ಇಂಚಿನವು. ರಿಮ್ ಮಾಡುವ ಯಂತ್ರಗಳು, ಅಚ್ಚುಗಳು, ಲಕ್ಷಾಂತರ ಕಾರುಗಳು ಇಂಚಿನಲ್ಲಿ ನಿಂತಿದ್ದವು. 400 ಮಿಲಿಮೀಟರ್ ಎಂದರೆ ಹದಿನೈದೂಮುಕ್ಕಾಲು ಇಂಚು. ಯಾರ ರಿಮ್ಮಿಗೂ ಕೂರದು. ರೇಡಿಯಲ್ ಟೈರನ್ನು ಜಗತ್ತಿಗೆಲ್ಲ ಮಾರಬೇಕಾದರೆ ಜಗತ್ತಿನ ರಿಮ್ಮಿಗೆ ಕೂರಬೇಕು. ಹೀಗೆ ಅಗಲ ಫ್ರೆಂಚರ ಮಿಲಿಮೀಟರ್‌ನಲ್ಲಿ ಉಳಿಯಿತು, ರಿಮ್ ಇಂಗ್ಲಿಷರ ಇಂಚಿಗೆ ಒಪ್ಪಿಸಿತು. 145 ಆರ್ 12, 165 ಆರ್ 14 ಎಂಬ ಸಂಕರ ಬರಹ ಹುಟ್ಟಿದ್ದು ಈ ರಾಜಿಯಲ್ಲಿ. ಸಿಟ್ರೊಯೆನ್ ಕೂಡ 1960ರ ದಶಕದಲ್ಲಿ ತನ್ನ ಡಿಎಸ್ ಕಾರಿಗೆ 15 ಇಂಚಿನ ರಿಮ್ ಹಾಕಿತು.

ಮಿಷೆಲಿನ್ ಛಲ ಬಿಡಲಿಲ್ಲ. 1975ರಲ್ಲಿ ಟಿಆರ್‌ಎಕ್ಸ್ ಎಂಬ ಟೈರು ತಂದು ರಿಮ್ಮನ್ನು ಮತ್ತೆ ಮಿಲಿಮೀಟರ್‌ಗೆ ತಿರುಗಿಸಿತು. 190/65 ಆರ್ 390, 220/55 ವಿಆರ್ 390. ಬಿಎಂಡಬ್ಲ್ಯು ಹಾಕಿತು, ಫೋರ್ಡ್ ಹಾಕಿತು. ಟೈರು ಒಳ್ಳೆಯದೇ. ಆದರೆ ಆ ರಿಮ್ಮಿಗೆ ಬೇರೆ ಕಂಪನಿಯ ಟೈರು ಕೂರುವುದಿಲ್ಲ, ಸವೆದಾಗ ಮತ್ತೆ ಅದನ್ನೇ ಹುಡುಕಬೇಕು. ಕೆಲವೇ ವರ್ಷಗಳಲ್ಲಿ ಕಾರು ಕಂಪನಿಗಳು ಕೈಬಿಟ್ಟವು. ಈಗ ಆ ಹಳೆಯ ಕಾರುಗಳನ್ನು ಇಟ್ಟುಕೊಂಡವರು ಟೈರಿಗೆ ಬಹಳ ದುಡ್ಡು ತೆರುತ್ತಾರೆ.

ರಿಮ್ಮಿನ ಅಳತೆಯಲ್ಲಿ ಅರ್ಧ ಇಂಚು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ರಕ್ತದ ಸಾಕ್ಷಿ ಇದೆ. ಅಲ್ಲಿ ಪಿಕಪ್ ಗಾಡಿಗಳಿಗೆ 16 ಇಂಚಿನ ರಿಮ್ಮೂ ಇತ್ತು, ಹದಿನಾರೂವರೆ ಇಂಚಿನದ್ದೂ ಇತ್ತು. 16ರ ಟೈರನ್ನು ಹದಿನಾರೂವರೆಯ ರಿಮ್ಮಿಗೆ ಏರಿಸಿ, ಅಂಚು ಕೂರಲೆಂದು ಗಾಳಿ ಹೆಚ್ಚಿಸುತ್ತ ಹೋದಾಗ ಟೈರಿನ ಅಂಚಿನ ತಂತಿ ಹರಿದು ಸಿಡಿದು ಮೆಕ್ಯಾನಿಕ್‌ಗಳು ಸತ್ತಿದ್ದಾರೆ. ಅಂಚು ಕೂರದಿದ್ದರೆ ಗಾಳಿ ಹೆಚ್ಚಿಸುವುದಲ್ಲ, ನಿಲ್ಲಿಸಿ ಎರಡೂ ಅಂಕಿ ಓದಬೇಕು.

ಭಾರತದಲ್ಲಿ ರೇಡಿಯಲ್ ತಯಾರಿಕೆ 1970ರ ದಶಕದ ಕೊನೆಯಲ್ಲಿ ಶುರುವಾದರೂ ಜನರ ಕಣ್ಣಿಗೆ ಬಿದ್ದದ್ದು 1983ರಲ್ಲಿ ಮಾರುತಿ 800 ಬಂದ ಮೇಲೆ. ಆ ಪುಟ್ಟ ಕಾರಿನ 145/70 ಆರ್ 12 ಟೈರಿನಿಂದಲೇ ಬಹಳ ಊರುಗಳ ಪಂಕ್ಚರ್ ಅಂಗಡಿಗಳಿಗೆ ಈ ಓರೆ ಗೆರೆ, ಎರಡನೆಯ ಅಂಕಿ ಪರಿಚಯವಾಯಿತು.

ಆ ಎರಡನೆಯ ಅಂಕಿಯ ಕಥೆ ಚಿಕ್ಕದು. ಮೊದಲಿನ ಟೈರುಗಳು ಸೀಳಿ ನೋಡಿದರೆ ಹೆಚ್ಚುಕಡಿಮೆ ದುಂಡಗೆ ಇರುತ್ತಿದ್ದವು: ಅಗಲ ಎಷ್ಟೋ ಎತ್ತರವೂ ಅಷ್ಟೇ. ಬೇರೆ ಬರೆಯುವ ಅಗತ್ಯ ಇರಲಿಲ್ಲ. ಬರುಬರುತ್ತ ಟೈರು ಅಗಲವಾಗಿ ಕುಳ್ಳಾಯಿತು. ಮೊದಮೊದಲ ರೇಡಿಯಲ್‌ಗಳು ಶೇಕಡಾ 82ರ ಆಸುಪಾಸು. ಎತ್ತರ ಬರೆಯದ 145 ಆರ್ 12 ಎಂಬಲ್ಲಿ ಈ 82 ಎಂದೇ ಅರ್ಥ. 70, 60, 50ರ ಟೈರುಗಳು ಬಂದಾಗ ಬರೆಯದೆ ವಿಧಿ ಇರಲಿಲ್ಲ. ಗೋಡೆ ಗಿಡ್ಡವಾದಷ್ಟೂ ತಿರುವಿನಲ್ಲಿ ಕಾರು ವಾಲುವುದು ಕಡಿಮೆ. ಜರ್ಮನಿಯ ಹೆದ್ದಾರಿಗೆ ಅದು ಸರಿ. ನಮ್ಮ ಊರಿನ ಗುಂಡಿಗೆ ಗೋಡೆ ಗಿಡ್ಡವಾದರೆ ಪೆಟ್ಟು ನೇರ ರಿಮ್ಮಿಗೆ.

ಸ್ವಿಫ್ಟ್‌ನ ಮೇಲಿನ ಮಾದರಿಗಳಿಗೆ 185/65 ಆರ್ 15 ಬರುತ್ತದೆ. ಲೆಕ್ಕ ಹಾಕಿ ನೋಡಿ. 165/80 ಆರ್ 14: ರಿಮ್ 355.6, ಎರಡು ಗೋಡೆ 264, ಒಟ್ಟು 619.6 ಮಿಲಿಮೀಟರ್. 185/65 ಆರ್ 15: ರಿಮ್ 381, ಎರಡು ಗೋಡೆ 240.5, ಒಟ್ಟು 621.5. ರಿಮ್ ಒಂದು ಇಂಚು ದೊಡ್ಡದಾದರೂ ಗಾಲಿಯ ಎತ್ತರದಲ್ಲಿ ಎರಡು ಮಿಲಿಮೀಟರ್ ಕೂಡ ವ್ಯತ್ಯಾಸ ಇಲ್ಲ. ಹಾಗಾಗಿ ಮೀಟರ್ ತೋರಿಸುವ ವೇಗವೂ ಕೆಡುವುದಿಲ್ಲ. ಇದನ್ನು ಬಿಟ್ಟು 14 ಎಂಬ ಅಂಕಿ ಮಾತ್ರ ನೋಡಿ 165/65 ಆರ್ 14 ಹಾಕಿಸಿದರೆ ಗಾಲಿ 570 ಮಿಲಿಮೀಟರ್‌ಗೆ ಇಳಿಯುತ್ತದೆ. ಕಾರು ಎರಡೂವರೆ ಸೆಂಟಿಮೀಟರ್ ನೆಲಕ್ಕೆ ಹತ್ತಿರವಾಗುತ್ತದೆ. 92 ಕಿಲೋಮೀಟರ್ ಓಡಿದರೆ ಮೀಟರ್ 100 ತೋರಿಸುತ್ತದೆ. ಬಾಡಿಗೆಗೆ ಕರೆದುಕೊಂಡು ಹೋದವನಿಗೆ ನಷ್ಟ, ಕಾರು ಮಾರುವಾಗ ಮಾಲೀಕನಿಗೆ ನಷ್ಟ.

ವೇಗದ ಅಕ್ಷರಗಳಲ್ಲಿ ಒಂದು ವಕ್ರ ಇದೆ. ಎಲ್ 120, ಎಂ 130, ಎನ್ 140, ಹೀಗೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲೇ ಏರಿ ಎಸ್ 180, ಟಿ 190, ಯು 200 ಎಂದು ಬರುತ್ತದೆ. ಆಮೇಲೆ ಥಟ್ಟನೆ ಹಿಂದಿನ ಎಚ್ ಬಂದು ಕೂರುತ್ತದೆ: ಎಚ್ 210, ನಂತರ ವಿ 240. ಕಾರಣ ಇಷ್ಟೇ. ಮೊದಲಿಗೆ ಯುರೋಪಿನಲ್ಲಿ ಮೂರೇ ದರ್ಜೆ ಇದ್ದವು: ಎಸ್ ಎಂದರೆ 180, ಎಚ್ ಎಂದರೆ 210, ವಿ ಎಂದರೆ 210ಕ್ಕೂ ಮೇಲೆ. ಆಮೇಲೆ ಪೂರ್ತಿ ಪಟ್ಟಿ ಮಾಡುವಾಗ ಹಳೆಯ ಮೂವರನ್ನು ಎಬ್ಬಿಸಲಾಗಲಿಲ್ಲ. ಬಸ್ಸಿನಲ್ಲಿ ಮೊದಲೇ ಟವೆಲ್ ಹಾಕಿದವರ ಸೀಟು!

ನಮ್ಮ ರಸ್ತೆಯಲ್ಲಿ 190 ಯಾರು ಓಡಿಸುತ್ತಾರೆ, ಈ ಅಕ್ಷರ ನಮಗೇಕೆ ಎನ್ನಬಹುದು. ಒಪ್ಪೋಣ. ಆದರೆ ಅದರ ಹಿಂದಿನ ಭಾರದ ಅಂಕಿಯನ್ನು ಹಾಗೆ ಬಿಡುವಂತಿಲ್ಲ. ನಮ್ಮ ಓದುಗರಲ್ಲಿ ಬಹಳ ಜನರ ಹೊಟ್ಟೆಪಾಡು ಅದರ ಮೇಲೆ ನಿಂತಿದೆ.

ಟಾಟಾ ಏಸ್‌ಗೆ ಬರುವ ಟೈರು 145 ಆರ್ 12 ಎಲ್‌ಟಿ 8 ಪಿಆರ್. ಎಲ್‌ಟಿ ಎಂದರೆ ಹಗುರ ಸರಕು ಗಾಡಿಯದ್ದು. ಈ ಬಗೆಯ ಟೈರಿನ ಭಾರದ ಅಂಕಿ 86/84. ಒಂಟಿಯಾಗಿ ಹಾಕಿದರೆ 86, ಜೋಡಿಯಾಗಿ ಹಾಕಿದರೆ 84. ಪಟ್ಟಿಯಲ್ಲಿ 86 ಎಂದರೆ 530 ಕಿಲೋ. ಇನ್ನೊಂದು ಕಡೆ ಆಲ್ಟೊ 800 ಕಾರಿನ ಟೈರು 145/80 ಆರ್ 12 74 ಟಿ. 74 ಎಂದರೆ 375 ಕಿಲೋ. ಅಗಲ ಒಂದೇ, ರಿಮ್ ಒಂದೇ, ಎತ್ತರದಲ್ಲಿ ಬೆರಳಿಗೂ ಸಿಗದ ವ್ಯತ್ಯಾಸ. ಪಕ್ಕಪಕ್ಕ ನಿಲ್ಲಿಸಿದರೆ ಗೊತ್ತೇ ಆಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಟೈರಿನ ಅಂಗಡಿಯಲ್ಲಿ "ಹನ್ನೆರಡರದ್ದೇ ಅಣ್ಣ, ಕೂರ್ತದೆ" ಎಂದು ಕೊಟ್ಟರೆ ಕೂರುತ್ತದೆ, ನಿಜ. ನಾಲ್ಕು ಕಾರಿನ ಟೈರು ಸೇರಿ ಹೊರುವುದು 1,500 ಕಿಲೋ. ಸರಕು ತುಂಬಿದ ಏಸ್‌ನ ಕಾನೂನುಬದ್ಧ ಒಟ್ಟು ತೂಕವೇ ಒಂದೂವರೆ ಟನ್ ಆಸುಪಾಸು. ಅದರಲ್ಲೂ ತೂಕ ನಾಲ್ಕು ಗಾಲಿಗೆ ಸಮನಾಗಿ ಬೀಳುವುದಿಲ್ಲ, ಹಿಂದಿನ ಎರಡಕ್ಕೇ ಹೆಚ್ಚು. ಟೊಮೆಟೊ ಕ್ರೇಟು ಸ್ವಲ್ಪ ಹೆಚ್ಚಾಗಿ ಪೇರಿಸಿದ ದಿನ, ಏಪ್ರಿಲ್ ಬಿಸಿಲಿನ ಟಾರು ರಸ್ತೆಯಲ್ಲಿ, ಆ ಟೈರು ತನ್ನ ಮೈಮೇಲೆ ಬರೆದುಕೊಂಡದ್ದಕ್ಕಿಂತ ಬಹಳ ಹೆಚ್ಚು ಹೊತ್ತು ಓಡುತ್ತಿರುತ್ತದೆ. ಗೋಡೆ ಹೆಚ್ಚು ಬಗ್ಗಿ ಬಿಸಿಯಾಗುತ್ತದೆ, ಪದರ ಬಿಡುತ್ತದೆ, ಸಿಡಿಯುತ್ತದೆ.

ಪತ್ರಿಕೆಯಲ್ಲಿ "ಟೈರ್ ಸಿಡಿದು ವಾಹನ ಪಲ್ಟಿ" ಎಂದು ಒಂದು ಸಾಲು ಬರುತ್ತದೆ. ನಾವು ನೋಡಿದ ಎಫ್‌ಐಆರ್‌ಗಳಲ್ಲಿ ಚಾಲಕನ ಅತಿವೇಗ, ಅಜಾಗರೂಕತೆ ಎಂದಿರುತ್ತದೆ. ಸಿಡಿದ ಟೈರಿನ ಮೇಲೆ ಏನು ಬರೆದಿತ್ತು ಎಂದು ಇದ್ದದ್ದು ಕಾಣೆವು. ಗಾಡಿಯಲ್ಲಿ ಕೂಲಿಯವರು ಇದ್ದರೆ ಪರಿಹಾರದ ಕೇಸು ವರ್ಷಗಟ್ಟಲೆ ನಡೆಯುತ್ತದೆ, ಆದರೂ ಆ ಎರಡು ಅಂಕಿಯನ್ನು ಯಾರೂ ಬರೆದುಕೊಂಡಿರುವುದಿಲ್ಲ.

ಬರೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣ ನೋಡಿ. ಅಲ್ಲಿ 1970ರ ದಶಕದ ಆರಂಭದಿಂದ ಪ್ರತಿ ಟೈರಿನ ಮೇಲೂ ಡಿಒಟಿ ಎಂದು ಶುರುವಾಗುವ ಗುರುತು ಕಡ್ಡಾಯ. ಅದರಲ್ಲಿ ಮೊದಲು ಕಾರ್ಖಾನೆಯ ಸಂಕೇತ, ಕೊನೆಗೆ ತಯಾರಾದ ವಾರ, ವರ್ಷ. 1990ರ ದಶಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಎಂಬ ಗಾಡಿಯ ಫೈರ್‌ಸ್ಟೋನ್ ಟೈರುಗಳು ಓಡುವಾಗಲೇ ಮೇಲಿನ ಪದರ ಕಿತ್ತುಹೋಗಿ ಗಾಡಿ ಉರುಳುವ ಪ್ರಕರಣಗಳು ಹೆಚ್ಚಾದವು. ಅಮೆರಿಕವೊಂದರಲ್ಲೇ 270ಕ್ಕೂ ಹೆಚ್ಚು ಜನ ಸತ್ತರು. 2000ದ ಆಗಸ್ಟ್ 9ರಂದು ಕಂಪನಿ ಟೈರುಗಳನ್ನು ವಾಪಸು ಕರೆಯಿತು, ಆಗ ರಸ್ತೆಯಲ್ಲಿದ್ದವು ಸುಮಾರು 65 ಲಕ್ಷ. ಯಾವುವು? ಎಲ್ಲವೂ ಅಲ್ಲ. ಪಿ 235/75 ಆರ್ 15 ಅಳತೆಯ ಎಟಿಎಕ್ಸ್ ಮಾದರಿಯವು, ಮತ್ತು ಅದೇ ಅಳತೆಯ ವೈಲ್ಡರ್‌ನೆಸ್ ಎಟಿ ಮಾದರಿಯಲ್ಲಿ ಡಿಕೇಟರ್ ಎಂಬ ಊರಿನ ಕಾರ್ಖಾನೆಯಲ್ಲಿ ಆದವು. ಆ ಕಾರ್ಖಾನೆಯ ಸಂಕೇತ ವಿಡಿ. ಅಮೆರಿಕದ ಜನ ಆ ವಾರ ಮನೆ ಮುಂದೆ ಮಂಡಿಯೂರಿ, ಟಾರ್ಚ್ ಹಿಡಿದು, ಟೈರಿನ ಮೇಲೆ ವಿಡಿ ಇದೆಯೇ ಎಂದು ಹುಡುಕಿದರು. ಗಾಳಿ ಎಷ್ಟಿರಬೇಕು ಎಂಬುದರ ಮೇಲೂ ಜಗಳ ಆಯಿತು. ಫೋರ್ಡ್ 26 ಪಿಎಸ್‌ಐ ಎಂದಿತ್ತು, ಫೈರ್‌ಸ್ಟೋನ್ 30 ಎಂದಿತು.

ತಾರೀಖಿನ ಅಂಕಿಯನ್ನು ಓದುವುದು ಸುಲಭ. ಈಗಿನ ಟೈರಿನಲ್ಲಿ ನಾಲ್ಕು ಅಂಕಿ ಇರುತ್ತದೆ, ಬಹಳ ಸಲ ಒಂದು ಉದ್ದುರುಟು ಚೌಕಟ್ಟಿನೊಳಗೆ. 2319 ಎಂದಿದ್ದರೆ 2019ರ 23ನೇ ವಾರ, ಅಂದರೆ ಜೂನ್ ತಿಂಗಳು. 2000ಕ್ಕೆ ಮುಂಚೆ ಮೂರೇ ಅಂಕಿ ಇತ್ತು: 237 ಎಂದರೆ ಕೊನೆಯ 7 ಯಾವ ದಶಕದ್ದು, 1987ರದ್ದೋ 1997ರದ್ದೋ ತಿಳಿಯುತ್ತಿರಲಿಲ್ಲ. ಕೆಲವು ಸಲ ಈ ಗುರುತು ಟೈರಿನ ಒಂದೇ ಮಗ್ಗುಲಲ್ಲಿ ಇರುತ್ತದೆ, ಅದು ಒಳಗಿನ ಮಗ್ಗುಲಾದರೆ ಗಾಡಿಯ ಅಡಿಗೆ ನುಗ್ಗಬೇಕು. ಹೊಸ ಟೈರು ಕೊಳ್ಳುವಾಗ ಫಿಟ್ ಮಾಡುವ ಮೊದಲೇ ನೋಡಿಕೊಳ್ಳಿ. ಗೋಡೌನಿನಲ್ಲಿ ಮೂರ್ನಾಲ್ಕು ವರ್ಷ ಕೂತ ಟೈರಿಗೂ ಗುಂಡಿ ಹೊಸದಾಗಿಯೇ ಇರುತ್ತದೆ, ರಬ್ಬರು ಮಾತ್ರ ಅಷ್ಟು ಹಳೆಯದಾಗಿರುತ್ತದೆ. ಅದೇ ಮಗ್ಗುಲಲ್ಲಿ ಐಎಸ್‌ಐ ಗುರುತೂ ಇರಬೇಕು. ಕಾರಿನ ಟೈರಿಗೆ ಐಎಸ್ 15633, ಸರಕು ಗಾಡಿಗೆ ಐಎಸ್ 15636. ಸವೆದದ್ದು ಎಷ್ಟು ಎಂಬುದಕ್ಕೂ ಕಾನೂನು ಇದೆ: ಕಾರಿನ ಟೈರಿನ ಗುಂಡಿಯ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು, ಬೈಕಿಗೆ 0.8. ಗುಂಡಿಯ ತಳದಲ್ಲಿ ಅಲ್ಲಲ್ಲಿ ಕಾಣುವ ಸಣ್ಣ ದಿಬ್ಬ ಆ ಎತ್ತರಕ್ಕೇ ಇಟ್ಟದ್ದು. ನೂಲು ಕಾಣುವ ತನಕ ಕಾಯುವ ಅಗತ್ಯ ಇಲ್ಲ.

ಸಾಲು ಇನ್ನೂ ಬೆಳೆಯುತ್ತಿದೆ. ಕರೆಂಟಿನ ಕಾರುಗಳಲ್ಲಿ ಬ್ಯಾಟರಿಯದ್ದೇ ಕ್ವಿಂಟಾಲುಗಟ್ಟಲೆ ತೂಕ. ಹಿಂದಿನ ಪಟ್ಟಿಯ ಭಾರ ಸಾಲದೆ ಬಂದು, ಅಳತೆಯ ಮುಂದೆ ಎಚ್‌ಎಲ್ ಎಂಬ ಎರಡು ಹೊಸ ಅಕ್ಷರ ಸೇರಿಸಿದರು; ಅದೇ ಅಳತೆಯ ಮಾಮೂಲಿ ಟೈರಿಗಿಂತ ಹೆಚ್ಚು ಭಾರ ಹೊರುತ್ತದೆ ಎಂದು ಅರ್ಥ. 2021ರಲ್ಲಿ ಇಟಲಿಯ ಪಿರೆಲ್ಲಿ ಕಂಪನಿ ಅಮೆರಿಕದ ಲೂಸಿಡ್ ಏರ್ ಎಂಬ ಕಾರಿಗೆ ಇಂಥ ಟೈರು ಮಾಡಿತು. ಅದರ ಅಳತೆ ಎಚ್‌ಎಲ್ 245/35 ಆರ್ 21. ಆ 21 ಈಗಲೂ ಇಂಚೇ.